ಹಿಂಗಾಲು ಮೊದಲು

ಚಾವಿ ತಿರುವಿದೊಡನೆ ಓಡುವ ಗಾಡಿಯಲ್ಲ ಇದು.
ಮಲಗಿದ್ದ ಹಸು ಏಳುವ ಹಾಗೆ
ಮೊದಲು ಹಿಂಗಾಲು, ಆಮೇಲೆ ಮುಂಗಾಲು,
ನಡುವೆ ಒಂದು ನಿಟ್ಟುಸಿರು.
ಎದ್ದ ಮೇಲಷ್ಟೇ, ಸರಿ, ಎಲ್ಲಿಗೆ? ಎಂಬ ನೋಟ.

ಮೂವತ್ತು ವರ್ಷದ ಸಿಟ್ರೊಯೆನ್. ಸ್ಪ್ರಿಂಗೇ ಇಲ್ಲ ಇದಕ್ಕೆ:
ಎಣ್ಣೆಯ ಮೇಲೆ ಗಾಳಿ, ಗಾಳಿಯ ಭರವಸೆಯ ಮೇಲೆ ನಾವು.
ಗ್ರಿಮ್ಸ್‌ಬಿಯ ಮೀನುಬಂದರಿನ ಹಿಂದಿನ ಬೀದಿಯಲ್ಲಿ
ಈ ಚಳಿಗಾಲ ಅದು ಎಡಕ್ಕೆ ವಾಲಿತು.
ಬೆಳಗಾದರೆ ಮೂತಿ ನೆಲಕ್ಕೆ,
ಕೆಳಗೆ ಹಾಸಿದ ರಟ್ಟಿನ ಮೇಲೆ ದೋಸೆಯಗಲ ಹಸಿರು.
ಏನದು, ಎಂದಳು ಎದುರುಮನೆಯ ಮಾರ್ಜರಿ.
ಕಾರು ಕಾರುತ್ತಿದೆ –
ಹೇಳಿ ನಗಲು ಬೀದಿಯಲ್ಲಿ ಇನ್ನೊಂದು ಕನ್ನಡದ ಕಿವಿ ಇರಲಿಲ್ಲ.
ಲೀಕು, ಅಂದೆ.

ಹೊರೇಸ್ ಬ್ಲಾಂಚರ್ಡ್ ಬಾಗಿಲಲ್ಲಿ ಕುರ್ಚಿ ಹಾಕಿಸಿಕೊಂಡ,
ಮಂಡಿಗೆ ಕಂಬಳಿ. ಎಂಬತ್ತನಾಲ್ಕು.
ಐಸ್‌ಲ್ಯಾಂಡಿನ ದಿಕ್ಕಿಗೆ ಹೋಗುವ ಟ್ರಾಲರುಗಳಲ್ಲಿ
ವಿಂಚಿಗೆ ಎಣ್ಣೆ ಉಣಿಸಿದವನು.
ಕಾರು ಅವನದೇ. ಕಾಲು ಮಡಚಲಾಗದ ವರ್ಷ ನನಗೆ ಕೊಟ್ಟ,
ಹಣಕ್ಕಲ್ಲ, ಒಂದು ಜೊತೆ ಹಲ್ಲುಸೆಟ್ಟಿಗೆ.
ನಾನು ಹಲ್ಲು ಮಾಡುವವಳು.
ಮೇಣ, ಅಚ್ಚು, ಕೂದಲೆಳೆಯ ಲೆಕ್ಕ.
ಹದಿನೆಂಟರ ಸ್ಪ್ಯಾನರು ನನ್ನ ಕೈಯಲ್ಲಿ
ಮದುವೆಮನೆಯ ಸೌಟು.

ಮೊದಲು ಒತ್ತಡ ಬಿಡು, ಅಂದ. ಆ ಸ್ಕ್ರೂ. ಒಂದೇ ಸುತ್ತು.
ಬಿಟ್ಟೆ. ಒಳಗೆಲ್ಲೋ ಉಸ್ಸೆಂದಿತು.
ಜ್ಯಾಕನ್ನು ನಂಬಬೇಡ, ಸ್ಟ್ಯಾಂಡು ಕೊಡು,
ಇದು ಹೇಳಿ ಕೂರುವ ಪ್ರಾಣಿಯಲ್ಲ.
ಕೊಟ್ಟೆ.
ಬೋಲ್ಟು ಮಾತ್ರ ಕಡಲಗಾಳಿ ಕುಡಿದು ಕಲ್ಲಾಗಿತ್ತು.
ಒಂದು ಗಂಟೆ. ಎರಡು. ಸುತ್ತಿಗೆ, ಬೆಂಕಿ,
ಅಜ್ಜಿ ಕೋಳಿಗಳಿಗೆ ಮೀಸಲಿಟ್ಟಿದ್ದ ಎರಡು ಬೈಗುಳ.
ಅರ್ಥವೇನೆಂದು ಹೊರೇಸ್ ಕೇಳಿದ.
ಪ್ರಾರ್ಥನೆ, ಅಂದೆ.
ಟಕ್ ಎಂದಿತು.
ಮುಂದಿನ ನಟ್ಟು ಪೈಪಿನದು. ಅದರೊಳಗೆ ಉಳಿದದ್ದು
ಸೀದಾ ನನ್ನ ಮುಖಕ್ಕೆ.
ಎಣ್ಣೆ ಬಂದಾಗ ಕಣ್ಣು ಮುಚ್ಚಿಕೊಂಡಳಂತೆ ಎಂದು
ಆಡಿಕೊಳ್ಳುತ್ತದಲ್ಲ ನಮ್ಮ ಗಾದೆ,
ಮುಚ್ಚಿಕೊಳ್ಳದೆ ಮತ್ತೇನು ಮಾಡಬೇಕಿತ್ತು?

ಹಳೆಯ ಸ್ಟ್ರಟ್ಟು ಹೊರಬಂತು.
ತೋಳುದ್ದ, ಎಳೆಮಗುವಿನ ತೂಕ.
ರಬ್ಬರಿನ ಕುಪ್ಪಸ ಹರಿದು ಬಾಳೆಸಿಪ್ಪೆ.
ಒರೆಸಿದರೆ, ಕನ್ನಡಿಯಂಥ ಕಂಬಿಯ ಮೇಲೆ ಒಂದು ಗೀರು
ಉಗುರಿಗೆ ಸಿಕ್ಕೂ ಸಿಗದಷ್ಟು.
ಹಲ್ಲಿನಲ್ಲಿ ಕಂಡಿದ್ದರೆ ಅಂಗಡಿ ದಾಟಿಸುತ್ತಿರಲಿಲ್ಲ ನಾನು.
ಹೊರೇಸ್ ಅದನ್ನು ತೊಡೆಯ ಮೇಲಿಟ್ಟುಕೊಂಡ,
ಹೆಬ್ಬೆರಳಲ್ಲಿ ಸವರಿದ,
ಇಷ್ಟೇನಾ, ಅಂದ.
ಕಂಬಳಿಗೆ ಹಸಿರು ಇಳಿಯುತ್ತಿದ್ದರೂ ಬಹಳ ಹೊತ್ತು
ವಾಪಸು ಕೊಡಲಿಲ್ಲ.

ಡರ್ಬಿಯಿಂದ ಬಂದ ಪೊಟ್ಟಣ ಬಿಚ್ಚಿ
ಹೊಸದನ್ನು ಕೂರಿಸಿದೆ. ಎರಡು ಲೀಟರು ಎಣ್ಣೆ ಕುಡಿಯಿತು.
ಸ್ಕ್ರೂ ಬಿಗಿದೆ, ಚಾವಿ ತಿರುವಿದೆ.
ಹಿಂಗಾಲು ಎದ್ದಿತು.
ನಾವಿಬ್ಬರೂ ಮಾತಾಡಲಿಲ್ಲ.
ಮುಂದಿನದು, ಎಡ, ಎಡವೇ ಮೊದಲು,
ಹರೆಯದ ಹುಡುಗನಂತೆ ಸೆಟೆದು ನಿಂತಿತು.
ಬಲವೂ ಎದ್ದಿತು, ಎದ್ದು, ಪೂರಾ ಒತ್ತಡ ತಾಗಿದ್ದೇ
ತನ್ನ ತುದಿಯಲ್ಲಿ ಒಂದು ಹನಿ ಕಟ್ಟಿಕೊಂಡಿತು.
ಎತ್ತು ಏರಿಗೆ, ಕೋಣ ನೀರಿಗೆ.
ಇಷ್ಟು ದಿನ ಎಡದ ಸೋರಿಕೆಯ ಮರೆಯಲ್ಲಿ
ಇದೂ ನೋವು ನುಂಗಿಕೊಂಡಿತ್ತು.

ಹೊರೇಸ್ ನಕ್ಕ, ನಾನು ಮಾಡಿದ ಹಲ್ಲು ಜಾರುವಷ್ಟು.
ಅದನ್ನು ಒತ್ತಿ ಸರಿಮಾಡಿಕೊಂಡ. ಇನ್ನು ಚಳಿ, ಅಂದ.
ಕುರ್ಚಿಯ ಕೈಗಳನ್ನು ಊರಿ
ಮೊದಲು ಸೊಂಟ,
ತಲೆ ಇನ್ನೂ ಕೆಳಗೇ,
ಅದೇ ನಿಟ್ಟುಸಿರು,
ಆಮೇಲೆ ಬೆನ್ನು, ಒಂದೊಂದೇ ಮಣಿ.
ನಾನು ಕೈ ಕೊಡಲಿಲ್ಲ. ಕೈಯೆಲ್ಲ ಎಣ್ಣೆ.

ಅವನು ಒಳಗೆ ಹೋದ ಮೇಲೆ
ರಟ್ಟನ್ನು ಬಲಕ್ಕೆ ಎಳೆದಿಟ್ಟೆ.